ಬಾಗಿಲ ಪಕ್ಕದ ಸೀಮೆಸುಣ್ಣದ ಗುರುತು

ಪೋಲಿಯೊ ಭಾನುವಾರ ಕಳೆದ ಎರಡು ಮೂರು ದಿನಕ್ಕೆ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನ ಆಚೆಗಿನ ಗಲ್ಲಿಗಳಲ್ಲಿ ಅಡ್ಡಾಡಿದರೆ ಮನೆಗಳನ್ನೇ ಓದಬಹುದು. ಬಾಗಿಲ ಪಕ್ಕದ ಗೋಡೆಯಲ್ಲಿ ಸೀಮೆಸುಣ್ಣದಿಂದ ಬರೆದ ಒಂದು ಅಕ್ಷರ, ತಂಡದ ಸಂಖ್ಯೆ, ಮನೆಯ ಸಂಖ್ಯೆ, ತಾರೀಕು, ಜೊತೆಗೆ ಮುಂದಿನ ಮನೆ ಯಾವ ಕಡೆ ಎಂದು ತೋರಿಸುವ ಒಂದು ಬಾಣ. ಇಂಗ್ಲಿಷಿನ ‘ಪಿ’ ಬರೆದಿದ್ದರೆ ಆ ಮನೆಯಲ್ಲಿ ಐದು ವರ್ಷದೊಳಗಿನ ಯಾವ ಮಗುವೂ ಬಾಕಿಯಿಲ್ಲ. ‘ಎಕ್ಸ್’ ಇದ್ದರೆ ಮತ್ತೊಮ್ಮೆ ಬರಬೇಕು. ಬೀಗ ಹಾಕಿತ್ತು, ಮಗು ಅಜ್ಜಿಯ ಊರಿಗೆ ಹೋಗಿತ್ತು, ಇಲ್ಲವೇ ಮನೆಯ ಹಿರಿಯರು ಬೇಡ ಅಂದರು. ಎರಡು ಮಳೆ ಬಂದರೆ ಅಳಿಸಿಹೋಗುವ ಗುರುತು ಇದು. ಆದರೆ ಸರ್ಕಾರ ಆರೋಗ್ಯದ ಹೆಸರಿನಲ್ಲಿ ಬಡವರ ಹೊಸ್ತಿಲಿಗೆ ಬಂದ ಕಥೆ ದಂಡಿನ (ಕಂಟೋನ್ಮೆಂಟಿನ) ಈ ಭಾಗದಲ್ಲಿ ನೂರಿಪ್ಪತ್ತೈದು ವರ್ಷಕ್ಕೂ ಹಳೆಯದು. ಅದು ಶುರುವಾದದ್ದು ಹೆದರಿಕೆಯಿಂದ.

1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಎರಡು ವರ್ಷ ಮೊದಲು ಮುಂಬಯಿಯಲ್ಲಿ ಕಾಣಿಸಿಕೊಂಡಿದ್ದ ರೋಗ ಹುಬ್ಬಳ್ಳಿ ಕಡೆಯಿಂದ ರೈಲು ಹಿಡಿದು ಇಲ್ಲಿಗೆ ಇಳಿಯಿತು. ಆಗ ಬೆಂಗಳೂರು ಎಂದರೆ ಎರಡು ಊರು. ಪೇಟೆ ಮೈಸೂರು ಮಹಾರಾಜರದು. ಹಲಸೂರು, ಬ್ಲ್ಯಾಕ್‌ಪಲ್ಲಿಗಳನ್ನು ಒಳಗೊಂಡ ದಂಡು ಬ್ರಿಟಿಷ್ ರೆಸಿಡೆಂಟನದು. ಇಂದಿನ ಶಿವಾಜಿನಗರವೇ ಅಂದಿನ ಬ್ಲ್ಯಾಕ್‌ಪಲ್ಲಿ. ಗಾಳಿ ಬೆಳಕಿಲ್ಲದ ಒತ್ತೊತ್ತು ಮನೆಗಳು, ಧಾನ್ಯದ ಮಂಡಿಗಳು, ಮಂಡಿಗಳ ತುಂಬ ಇಲಿಗಳು. ‘ಇಲಿ ಬಿತ್ತು’ ಎಂಬ ಮಾತಿಗೆ ಹಳೆಯ ತಲೆಮಾರಿನ ಕನ್ನಡಿಗರಲ್ಲಿ ಒಂದೇ ಅರ್ಥವಿತ್ತು: ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟು ಹೊರಡಬೇಕು. ಅನಂತಮೂರ್ತಿಯವರ ‘ಸಂಸ್ಕಾರ’ ಓದಿದವರಿಗೆ ಸತ್ತ ಇಲಿ ತರುವ ನಡುಕ ಗೊತ್ತು.

ಪ್ಲೇಗಿನ ಸೂಕ್ಷ್ಮಾಣುವನ್ನು 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಗುರುತಿಸಿ ಆಗಿತ್ತು. ಇಲಿಯ ಮೈಮೇಲಿನ ಚಿಗಟ ಅದನ್ನು ಮನುಷ್ಯನಿಗೆ ದಾಟಿಸುತ್ತದೆ ಎಂದು ಫ್ರೆಂಚ್ ವೈದ್ಯ ಪಾಲ್-ಲೂಯಿ ಸಿಮಾಂಡ್ ತೋರಿಸಿಕೊಟ್ಟದ್ದೂ 1898ರಲ್ಲೇ. ಅದನ್ನು ಎಲ್ಲರೂ ಒಪ್ಪಲು ಇನ್ನೂ ಹಲವು ವರ್ಷ ಹಿಡಿಯಿತು. ಅಷ್ಟರವರೆಗೆ ಆಳುವವರ ಕಣ್ಣಿಗೆ ರೋಗವಿದ್ದದ್ದು ಬಡವರ ಮನೆಯಲ್ಲಿ, ಬಡವರ ಮೈಯಲ್ಲಿ. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಅಧಿಕಾರಿಗಳಿಗೆ ಯಾವ ಮನೆಗಾದರೂ ನುಗ್ಗುವ ಬಲ ಕೊಟ್ಟಿತು. ಮನೆಯನ್ನು ಶೋಧಿಸುವುದು, ಕಾಯಿಲೆಯವರನ್ನು ಎತ್ತಿಕೊಂಡು ಹೋಗುವುದು, ಉಳಿದವರನ್ನು ಊರಾಚೆಯ ಕ್ಯಾಂಪಿಗೆ ಅಟ್ಟುವುದು, ಸಾಮಾನು ಸುಡುವುದು, ಗೋಡೆಗೆ ಸುಣ್ಣ ಬಳಿಯುವುದು. ಮುಂಬಯಿಯಲ್ಲಿ ವಾಸಕ್ಕೆ ತಕ್ಕುದಲ್ಲ ಎಂದು ಸಾರುವ ಮೂರು ಇಂಗ್ಲಿಷ್ ಅಕ್ಷರಗಳನ್ನು ಮನೆಯ ಮೇಲೆ ಬರೆದು ಹೋಗುತ್ತಿದ್ದರು. ಪುಣೆಯಲ್ಲಿ ಸೈನಿಕರ ಶೋಧ ಎಷ್ಟು ಕೆರಳಿಸಿತೆಂದರೆ 1897ರ ಜೂನ್‌ನಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಮೇಲೆ ಗುಂಡು ಹಾರಿತು.

ಹೀಗೆ ಬಾಗಿಲು ಬಡಿದರೆ ಜನ ಏನು ಮಾಡುತ್ತಾರೆ? ಕಾಯಿಲೆಯವರನ್ನು ಬಚ್ಚಿಡುತ್ತಾರೆ. ಸತ್ತವರನ್ನು ರಾತ್ರೋರಾತ್ರಿ ಮಣ್ಣು ಮಾಡುತ್ತಾರೆ. ಸರ್ಕಾರದ ಮೇಲೆ ಇಲ್ಲದ ನಂಬಿಕೆಯನ್ನು ಬೇರೆ ಕಡೆ ಇಡುತ್ತಾರೆ. ಬೆಂಗಳೂರಿನ ಹಲವು ಮೂಲೆಗಳಲ್ಲಿ ಪ್ಲೇಗ್ ಮಾರಮ್ಮನ ಗುಡಿಗಳು ಎದ್ದವು. ಶಿವಾಜಿನಗರದ ಸಂತ ಮೇರಿಯ ಬೆಸಿಲಿಕಾದಲ್ಲಿ ಜನ ಇವತ್ತಿಗೂ ಆರೋಗ್ಯ ಮಾತೆಯೆಂದೇ ಮೊರೆಯಿಡುತ್ತಾರೆ. ಸೆಪ್ಟೆಂಬರ್ 8ರ ತೇರಿಗೆ ಎಲ್ಲ ಮತದವರೂ ಸೇರುತ್ತಾರೆ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಬಾಗಿಲು ಒಡೆಯದೆ ಕೇಳಿಸಿಕೊಂಡವಳು ಆ ಹೊತ್ತಿನಲ್ಲಿ ಆ ತಾಯಿಯೊಬ್ಬಳೇ.

ಪ್ಲೇಗ್ ಊರಿನ ನಕಾಶೆಯನ್ನೂ ಬದಲಿಸಿತು. ಪೇಟೆಯ ಕಡೆ ಮಲ್ಲೇಶ್ವರ, ಬಸವನಗುಡಿ ಬಂದ ಹಾಗೆ ದಂಡಿನಲ್ಲಿ ಫ್ರೇಜರ್ ಟೌನ್ ಬಂತು. ರೆಸಿಡೆಂಟ್ ಸ್ಟುವರ್ಟ್ ಫ್ರೇಜರ್ ಹೆಸರಿನ ಈ ಬಡಾವಣೆಯ ಹಿಂದಿದ್ದವರು ದಂಡಿನ ಪುರಸಭೆಯ ಎಂಜಿನಿಯರ್ ಜೆ. ಎಚ್. ಸ್ಟೀಫನ್ಸ್. ಪ್ಲೇಗ್ ಸುಳಿಯದ ಊರನ್ನು ಹೇಗೆ ಕಟ್ಟಬೇಕೆಂದು ಬೆಂಗಳೂರಿನ ಅನುಭವದಿಂದಲೇ ಅವರು 1914ರಲ್ಲಿ ಒಂದು ಪುಸ್ತಕ ಬರೆದರು. ಇಲಿ ಕೊರೆಯಲಾಗದ ತಳಪಾಯ, ಬೆಳಕು ಬೀಳುವ ಕೋಣೆ, ಮನೆಯ ಹಿಂದೆ ಕಸ ಸಾಗಿಸಲು ಬೇರೆ ಓಣಿ. ಹಳೆಯ ಬಡಾವಣೆಗಳಲ್ಲಿ ಈಗಲೂ ‘ಕನ್ಸರ್ವೆನ್ಸಿ’ ಎಂದು ಕರೆಯುವುದು ಆ ಹಿಂದಿನ ಓಣಿಯನ್ನೇ. ಒಳ್ಳೆಯ ಕೆಲಸವೇ. ಆದರೆ ಹೊಸ ಬಡಾವಣೆಗೆ ಹೋಗಲು ಕೈಲಾದವರು ಹೋದರು. ಉಳಿದವರು ಬ್ಲ್ಯಾಕ್‌ಪಲ್ಲಿಯಲ್ಲೇ ಉಳಿದರು. ಅವರಿಗೆ ಇದ್ದದ್ದು ಬೌರಿಂಗ್ ಆಸ್ಪತ್ರೆ. ಕಮಿಷನರ್ ಲೆವಿನ್ ಬೌರಿಂಗ್ ಕಾಲದಲ್ಲಿ, 1860ರ ದಶಕದಲ್ಲಿ, ಪ್ಯಾರಿಸ್ಸಿನ ಲಾರಿಬ್ವಾಸಿಯೇ ಆಸ್ಪತ್ರೆಯ ಮಾದರಿಯಲ್ಲಿ ಕಟ್ಟಿದ್ದು. ಇಂದಿಗೂ ದಂಡಿನ ಬಡವರ ಬಾಯಲ್ಲಿ ದೊಡ್ಡಾಸ್ಪತ್ರೆ ಎಂದರೆ ಅದೇ.

1947ರಲ್ಲಿ ದಂಡು ಮೈಸೂರಿಗೆ ಮರಳಿತು, 1949ರಲ್ಲಿ ಎರಡು ಊರೂ ಸೇರಿ ಒಂದು ನಗರಪಾಲಿಕೆಯಾಯಿತು. ಈ ಕಥೆಯ ನಿಜವಾದ ತಿರುವು ಅದಾದ ಮೇಲೆ ಬಂತು. ಬಂದದ್ದು ದಂಡಿನ ಅಂಚಿನ ಬಳ್ಳಾರಿ ರಸ್ತೆಯಿಂದ.

ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಅಲ್ಲಿ 1959ರಲ್ಲಿ ಶುರುವಾಯಿತು. ಮರುವರ್ಷ ನೆಹರೂ ಉದ್ಘಾಟಿಸಿದರು. ಕ್ಷಯವನ್ನು ಹುಡುಕಲು ಎಕ್ಸ್‌ರೇ ಯಂತ್ರ ಹೊತ್ತ ವಾಹನಗಳನ್ನು ಊರೂರಿಗೆ ಓಡಿಸಬೇಕು, ಜನಕ್ಕೆ ತಿಳಿವಳಿಕೆಯಿಲ್ಲ, ಅವರಾಗಿ ಬರುವುದಿಲ್ಲ ಎಂಬುದು ಆಗಿನ ಎಣಿಕೆ. ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳ ಎದುರು ಕುಳಿತು ವಿಚಾರಿಸಿದರು. 1963ರಲ್ಲಿ ಅಚ್ಚಾದ ಆ ಅಧ್ಯಯನ ಎಣಿಕೆಯನ್ನೇ ತಲೆಕೆಳಗು ಮಾಡಿತು. ಕಫದಲ್ಲಿ ಕ್ಷಯವಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಯಾವುದಾದರೂ ಆಸ್ಪತ್ರೆಯ ಮೆಟ್ಟಿಲು ಹತ್ತಿ ಬಂದಿದ್ದರು. ಕೆಮ್ಮಿಗೆಂದು ಒಂದು ಬಾಟಲಿ ಔಷಧಿ ಕೊಟ್ಟು ಅವರನ್ನು ವಾಪಸು ಕಳಿಸಲಾಗಿತ್ತು.

ಈ ಸಂಗತಿಯನ್ನು ಓದಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಜನ ಬರುವುದಿಲ್ಲವೆಂದು ಅರವತ್ತು ವರ್ಷ ದೂರಿದೆವು. ಜನ ಬಂದಿದ್ದರು, ನಾವು ಗುರುತು ಹಿಡಿಯಲಿಲ್ಲ. 1962ರ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮವನ್ನು ಸಾಮಾನ್ಯ ಆಸ್ಪತ್ರೆಗಳ ಜೊತೆಗೇ ಹೊಂದಿಸಿ ಕಟ್ಟಿದ್ದು ಈ ಸಂಸ್ಥೆಯ ಕೆಲಸದ ಬಲದಿಂದ. ಜನರ ಕಷ್ಟವನ್ನು ಜನರಿಂದಲೇ ಕೇಳಬೇಕೆಂಬ ಪಾಠವನ್ನು ದೇಶ ಕಲಿತದ್ದು ನಮ್ಮ ತುಮಕೂರಿನ ಹಳ್ಳಿಗಳಲ್ಲಿ.

1990ರ ದಶಕದಲ್ಲಿ ವಿಶ್ವಬ್ಯಾಂಕ್ ಸಾಲದ ಭಾರತ ಜನಸಂಖ್ಯಾ ಯೋಜನೆ (ಐಪಿಪಿ-8) ಬೆಂಗಳೂರಿನ ಕೊಳೆಗೇರಿಗಳಿಗೆ ಬಂದಾಗ ಆ ಪಾಠ ಕೆಲಸಕ್ಕೆ ಬಂತು. ಪಾಲಿಕೆಯ ಹೆರಿಗೆ ಕೇಂದ್ರಕ್ಕೂ ಕೇರಿಗೂ ನಡುವೆ ಓಡಾಡಲು ಕೇರಿಯ ಹೆಂಗಸರನ್ನೇ ‘ಲಿಂಕ್ ವರ್ಕರ್’ ಎಂದು ಆರಿಸಿಕೊಂಡರು. 2005ರಲ್ಲಿ ಹಳ್ಳಿಗಳಲ್ಲಿ ಹುಟ್ಟಿದ ‘ಆಶಾ’ ಆರೋಗ್ಯ ಕಾರ್ಯಕರ್ತೆ 2013ರ ನಗರ ಆರೋಗ್ಯ ಅಭಿಯಾನದೊಂದಿಗೆ ಪಟ್ಟಣಕ್ಕೂ ಬಂದಳು. ಒಬ್ಬಳಿಗೆ 200ರಿಂದ 500 ಮನೆ. ಕರ್ನಾಟಕದಲ್ಲಿ ಗುಲಾಬಿ ಸೀರೆ.

ಅವಳ ಕೆಲಸ ಹತ್ತಿರದಿಂದ ಹೇಗಿರುತ್ತದೆಂದು ಹೇಳುತ್ತೇನೆ. ಪೋಲಿಯೊ ಸೋಮವಾರ, ಶಿವಾಜಿನಗರದ ಒಂದು ಗಲ್ಲಿ. ಹಿಂದಿನ ಸುತ್ತಿನಲ್ಲಿ ‘ಎಕ್ಸ್’ ಬಿದ್ದ ಮನೆ. ಹೆಗಲಿಗೆ ನೀಲಿ ಲಸಿಕೆ ಪೆಟ್ಟಿಗೆ. “ಬಚ್ಚಾ ಕಾಂ ಹೈ ನಾನಿಮಾ?” (ಮಗು ಎಲ್ಲಿ ಅಜ್ಜಿ?) ಎನ್ನುತ್ತ ಅವಳು ಹೊಸ್ತಿಲ ಮೇಲೇ ಕುಳಿತಳು. ಒಳಗಿದ್ದ ಅಜ್ಜಿಗೆ ಮನಸ್ಸಿಲ್ಲ. ಹೋದ ಸಲ ಹನಿ ಹಾಕಿಸಿದ ಮೇಲೆ ಮಗುವಿಗೆ ಜ್ವರ ಬಂತಂತೆ. ಆಶಾ ವಾದಿಸಲಿಲ್ಲ. ಜ್ವರ ಎಷ್ಟು ದಿನವಿತ್ತು, ಏನು ಕೊಟ್ಟಿರಿ ಎಂದು ಕೇಳಿಕೊಂಡಳು. ಆಮೇಲೆ ಪೆಟ್ಟಿಗೆ ತೆರೆದು, ಮಂಜಿನ ಪ್ಯಾಕುಗಳ ನಡುವಿನಿಂದ ಹೆಬ್ಬೆರಳಷ್ಟು ಸೀಸೆ ತೆಗೆದು ಅಜ್ಜಿಯ ಅಂಗೈಯಲ್ಲಿಟ್ಟಳು. ಸೀಸೆಯ ಮೇಲೊಂದು ಬಣ್ಣದ ವೃತ್ತ, ಅದರೊಳಗೆ ಬಿಳಿ ಚೌಕ. ಔಷಧಿಗೆ ಬಿಸಿ ತಗುಲಿದರೆ ಚೌಕ ಕಪ್ಪಾಗುತ್ತ ಹೋಗುತ್ತದೆ. ವೃತ್ತದಷ್ಟೇ ಕಪ್ಪಾದರೆ ಬಿಸಾಡಬೇಕು. “ನೀವೇ ನೋಡಿ, ಬೆಳ್ಳಗಿದ್ದರೆ ಮಾತ್ರ ಹಾಕ್ತೀನಿ.” ಅಜ್ಜಿ ಬೆಳಕಿಗೆ ಹಿಡಿದು ನೋಡಿದರು. ಸೊಸೆಯನ್ನು ಕೂಗಿದರು. ಎರಡು ಹನಿ, ಎಡಗೈಯ ಕಿರುಬೆರಳಿಗೆ ಶಾಯಿ, ಗೋಡೆಯ ಮೇಲೆ ‘ಪಿ’.

ಭಾರತದ ಕೊನೆಯ ಕಾಡು ಪೋಲಿಯೊ ಪ್ರಕರಣ ದಾಖಲಾದದ್ದು 2011ರ ಜನವರಿಯಲ್ಲಿ, ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ದೇಶ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಅದು ಸಿಕ್ಕಿದ್ದು ಇಂಥ ಹೊಸ್ತಿಲುಗಳ ಮೇಲೆ.

ಹೊಸ್ತಿಲಲ್ಲಿ ಹೀಗೆ ಗಳಿಸಿದ ನಂಬಿಕೆ ಎಷ್ಟು ಬೇಗ ಮುರಿಯಬಹುದೆಂದು ಕೋವಿಡ್ ತೋರಿಸಿತು. 2020ರ ಏಪ್ರಿಲ್ ಮೊದಲ ವಾರ ನಗರದ ಈಶಾನ್ಯದ ಸಾದಿಕ್ ಲೇಔಟ್‌ನಲ್ಲಿ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯ ಮೇಲೆ ಹಲ್ಲೆಯಾಯಿತು. ಮನೆಮನೆಯ ಲೆಕ್ಕ ಬರೆಯುವ ಯಾವ ಕಾಗದವನ್ನೂ ಜನ ಅನುಮಾನಿಸುತ್ತಿದ್ದ ಕಾಲ ಅದು. ಬೆಂಗಳೂರಿನಲ್ಲಿ ಮುಂಗೈಗೆ ಶಾಯಿಯ ಮುದ್ರೆ, ಬಾಗಿಲಿಗೆ ಕ್ವಾರಂಟೈನ್ ಚೀಟಿ ಬಂದವು. ಜುಲೈನಲ್ಲಿ, ಇಂದಿರಾನಗರದ ಪಕ್ಕದ ದೊಮ್ಮಲೂರಿನಲ್ಲಿ, ಪಾಲಿಕೆಯ ಸಿಬ್ಬಂದಿ ಎರಡು ಫ್ಲ್ಯಾಟುಗಳ ಬಾಗಿಲಿಗೆ ತಗಡು ಹೊಡೆದರು. ಒಂದರೊಳಗೆ ಪುಟ್ಟ ಮಕ್ಕಳಿದ್ದ ತಾಯಿ, ಇನ್ನೊಂದರೊಳಗೆ ವಯಸ್ಸಾದ ದಂಪತಿ. ಆಯುಕ್ತ ಮಂಜುನಾಥ ಪ್ರಸಾದ್ ತಗಡು ತೆಗೆಸಿ ಬಹಿರಂಗವಾಗಿ ಕ್ಷಮೆ ಕೇಳಿದರು. ಕ್ಷಮೆ ಕೇಳಿದ್ದು ದೊಡ್ಡದೇ. 1898ರಲ್ಲಿ ಯಾರೂ ಕೇಳಿರಲಿಲ್ಲ. ಆದರೂ ಆ ತಗಡನ್ನು ಕಂಡಾಗ ಪ್ಲೇಗ್ ಕಾಲದ ಶೋಧದ ದಂಡೇ ಮತ್ತೆ ಮೆಟ್ಟಿಲು ಹತ್ತಿದಂತಾಯಿತು.

ಅದೇ ತಿಂಗಳಲ್ಲಿ ರಾಜ್ಯದ ನಲವತ್ತೆರಡು ಸಾವಿರದಷ್ಟು ಆಶಾ ಕಾರ್ಯಕರ್ತೆಯರು ಕೆಲಸ ನಿಲ್ಲಿಸಿ ಮುಷ್ಕರ ಹೂಡಿದ್ದರು. ತಿಂಗಳಿಗೆ 12,000 ರೂಪಾಯಿ ಖಚಿತ ಗೌರವಧನ ಮತ್ತು ರಕ್ಷಣಾ ಸಾಮಗ್ರಿ ಅವರ ಬೇಡಿಕೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ದೇಶದ ಆಶಾಗಳಿಗೆಲ್ಲ ಜಾಗತಿಕ ನಾಯಕತ್ವದ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯ ಚಳಿಯಲ್ಲಿ ಅದೇ ಗುಲಾಬಿ ಸೀರೆಗಳು ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಕಳೆದವು. ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕಿತು. ಆಗಸ್ಟ್‌ನಲ್ಲಿ ಮತ್ತೆ ಬೀದಿಗಿಳಿದರು. ಆರೋಗ್ಯ ಇಲಾಖೆಯಲ್ಲಿ ಎಎನ್‌ಎಂ (ಸಹಾಯಕ ದಾದಿ-ಸೂಲಗಿತ್ತಿ) ಸಿಸ್ಟರ್‌ಗಳಿಗೆ ಈಗ ‘ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ’ ಎಂಬ ಪದನಾಮ ಸಿಕ್ಕಿದೆ, ಸಂತೋಷ. ಆಶಾ ಮಾತ್ರ ಕಾಗದದ ಮೇಲೆ ಇನ್ನೂ ಸ್ವಯಂಸೇವಕಿ. ಐನೂರು ಮನೆಯ ಗರ್ಭಿಣಿ, ಬಾಣಂತಿ, ಕ್ಷಯರೋಗಿಗಳ ಲೆಕ್ಕ ತಲೆಯಲ್ಲಿಟ್ಟುಕೊಂಡವಳನ್ನು ನೌಕರಳೆಂದು ಒಪ್ಪಿಕೊಳ್ಳದಿರುವುದು ಅನ್ಯಾಯ, ಇದರಲ್ಲಿ ಎರಡು ಮಾತಿಲ್ಲ.

ಕೆಲಸವೇನೋ ಬೆಳೆಯುತ್ತಲೇ ಇದೆ. ಹಳೇ ಮದ್ರಾಸ್ ರಸ್ತೆಯಲ್ಲಿ ಹಲಸೂರು, ಇಂದಿರಾನಗರ, ಕೆ.ಆರ್. ಪುರ ದಾಟಿ ಮುಂದೆ ಹೋದರೆ ಸಿಗುವ ಕೋಲಾರ ಜಿಲ್ಲೆಯಲ್ಲಿ 2024ರ ಅಕ್ಟೋಬರ್‌ನಲ್ಲಿ ‘ಗೃಹ ಆರೋಗ್ಯ’ ಶುರುವಾಯಿತು. ಮೂವತ್ತು ದಾಟಿದವರಿಗೆ ಮನೆಯಲ್ಲೇ ಬಿಪಿ, ಸಕ್ಕರೆ ಕಾಯಿಲೆ, ಕೆಲವು ಬಗೆಯ ಕ್ಯಾನ್ಸರ್‌ಗಳ ತಪಾಸಣೆ. ಡೆಂಗಿಯ ಕಾಲದಲ್ಲಿ ಸಂಪು, ಡ್ರಮ್ಮು, ಹೂಕುಂಡದ ತಟ್ಟೆಗಳಲ್ಲಿ ಲಾರ್ವಾ ಹುಡುಕುವವರೂ ಈ ಆಶಾಗಳೇ. ಈಡಿಸ್ ಸೊಳ್ಳೆಗೆ ಬೇಕಾದದ್ದು ತಿಳಿನೀರು. ಮೊಟ್ಟೆಯಿಂದ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಅದಕ್ಕೆ ಶಿವಾಜಿನಗರದ ಡ್ರಮ್ಮೂ ಒಂದೇ, ಇಂದಿರಾನಗರದ ತಾರಸಿ ತೋಟವೂ ಒಂದೇ. ಆದರೆ ಇಂದು ತೆರೆಯದ ಬಾಗಿಲುಗಳು ಹೆಚ್ಚಾಗಿ ಸಿಗುವುದು ಗೇಟು, ಸೆಕ್ಯುರಿಟಿ, ಇಂಟರ್‌ಕಾಮ್ ಇರುವ ಕಡೆ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಮುಂದಿನ ಸಲ ಗುಲಾಬಿ ಸೀರೆಯವರು ನಿಮ್ಮ ಗೇಟಿನ ಮುಂದೆ ನಿಂತರೆ ಕಾಯಿಸಬೇಡಿ. ಸಂಪಿನ ಮುಚ್ಚಳ ತೆಗೆದು ತೋರಿಸಿ, ಕೇಳಿದ್ದಕ್ಕೆ ನಿಜ ಹೇಳಿ, ಒಂದು ಲೋಟ ನೀರು ಕೊಡಿ. ಬೆಳಗಿನಿಂದ ನಡೆದ ಅವರು ಶೌಚಾಲಯ ಬಳಸಬಹುದೇ ಎಂದು ಸಂಕೋಚದಿಂದ ಕೇಳಿದರೆ ಒಳಗೆ ಕರೆಯಿರಿ.