ಐದಕ್ಕೆ ಬದಲು 4.88 ಯಾಕೆ?

ವಾರಾಂತ್ಯದ ಬೆಳಗಿನ ಜಾವ ಬೆಂಗಳೂರಿನ ವಿಜಯನಗರ, ಅತ್ತಿಗುಪ್ಪೆ ಕಡೆಯಿಂದ ಹೊರಟು ಸಕಲೇಶಪುರದ ದಾರಿ ಹಿಡಿಯುವ ಜೀಪು, ಥಾರ್‌ಗಳನ್ನು ಹಿಂದಿನಿಂದ ನೋಡಿದರೆ ಎರಡು ಸಂಗತಿ ಥಟ್ಟನೆ ಕಾಣುತ್ತವೆ. ಒಂದು, ಕಂಪನಿ ಕೊಟ್ಟದ್ದಕ್ಕಿಂತ ದೊಡ್ಡ ಟೈರು. ಇನ್ನೊಂದು, ಕೆಲವುಗಳಲ್ಲಿ ಹಿಂದಿನ ಆಕ್ಸಲ್ ನಡುವೆ ಕೆಂಪೋ ಹಳದಿಯೋ ಬಣ್ಣದಲ್ಲಿ ಎದ್ದು ಕಾಣುವ ದಪ್ಪ ಕವರ್. ಆ ಕವರಿನ ಒಳಗೆ ಕಣ್ಣಿಗೆ ಬೀಳದಂತೆ ಕ್ರೌನ್-ಪಿನಿಯನ್ ಇರುತ್ತದೆ. ಟೈರು ದೊಡ್ಡದಾದ ಮೇಲೆ ನಿಜಕ್ಕೂ ಬದಲಾಗಬೇಕಾದದ್ದು ಅದೇ. ಗ್ಯಾರೇಜಿನಲ್ಲಿ ಅದರ ಮಾತು ಬಂದರೆ ಹೊಸಬರಿಗೆ ಏಳುವ ಮೊದಲ ಅನುಮಾನ ಅದರ ಸಂಖ್ಯೆಗಳ ಬಗ್ಗೆ: 4.27, 4.88, 5.38 ಅಂದರೆ ಇದೆಂಥ ಲೆಕ್ಕ? ನಾಲ್ಕು, ಐದು ಅಂತ ನೆಟ್ಟಗೆ ಮಾಡೋಕೆ ಏನಾಗಿತ್ತು?

ಕ್ರೌನ್ ದೊಡ್ಡ ಹಲ್ಲುಚಕ್ರ. ಪಿನಿಯನ್ ಅದನ್ನು ತಿರುಗಿಸುವ ಚಿಕ್ಕದು. ಮೊದಲನೆಯದರ ಹಲ್ಲುಗಳನ್ನು ಎರಡನೆಯದರ ಹಲ್ಲುಗಳಿಂದ ಭಾಗಿಸಿದರೆ ಬರುವುದೇ ಆ ಸಂಖ್ಯೆ. 47 ಭಾಗಿಸು 11 ಎಂದರೆ 4.27. 39 ಭಾಗಿಸು 8 ಎಂದರೆ 4.875, ಅದನ್ನೇ 4.88 ಅನ್ನುತ್ತಾರೆ. 43 ಭಾಗಿಸು 8 ಎಂದರೆ 5.375. ಕ್ರೌನಿಗೆ ಇನ್ನೊಂದೇ ಹಲ್ಲು ಸೇರಿಸಿ 40 ಮಾಡಿದ್ದರೆ ಸರಿಯಾಗಿ ಐದು ಬರುತ್ತಿತ್ತು. ಆ ಒಂದು ಹಲ್ಲನ್ನು ಬೇಕೆಂತಲೇ ಬಿಟ್ಟಿದ್ದಾರೆ.

ಪಂಚಾಂಗ ತಿರುವಿಹಾಕುವವರಿಗೆ ಇದರ ಗುಟ್ಟು ಅರ್ಧ ಗೊತ್ತೇ ಇರುತ್ತದೆ. ಗುರುವಾರದ ದಿನ ಪುಷ್ಯ ನಕ್ಷತ್ರ ಬಿದ್ದರೆ ಗುರುಪುಷ್ಯ ಯೋಗ. ಅದು ತಿಂಗಳು ತಿಂಗಳೂ ಬರುವುದಿಲ್ಲ, ಯಾಕೆಂದರೆ ವಾರಗಳು ಏಳು, ನಕ್ಷತ್ರಗಳು 27. ಈ ಎರಡೂ ಸಂಖ್ಯೆಗಳನ್ನು ಒಟ್ಟಿಗೆ ಭಾಗಿಸುವ ಸಂಖ್ಯೆ ಒಂದನ್ನು ಬಿಟ್ಟರೆ ಬೇರೆ ಇಲ್ಲ. ನಕ್ಷತ್ರಕ್ಕೆ ಸರಿಯಾಗಿ ಒಂದು ದಿನ ಎಂದಿಟ್ಟುಕೊಳ್ಳೋಣ (ಗಳಿಗೆಗಳ ಹೆಚ್ಚುಕಮ್ಮಿಯನ್ನು ಜೋಯಿಸರು ಕ್ಷಮಿಸಬೇಕು). ಈ ಸಲ ಗುರುವಾರ ಬಂದ ಪುಷ್ಯ ಮುಂದಿನ ಸಲ ಬುಧವಾರ ಬರುತ್ತದೆ, ಅದರ ಮುಂದಿನ ಸಲ ಮಂಗಳವಾರ. ಹೀಗೆ ಏಳೂ ವಾರಗಳನ್ನು ಸುತ್ತಿ, 189 ದಿನ ಕಳೆದ ಮೇಲೆ ಮತ್ತೆ ಗುರುವಾರಕ್ಕೆ ಬಂದು ನಿಲ್ಲುತ್ತದೆ. ಈಗ ಅಭಿಜಿತ್ತನ್ನೂ ಸೇರಿಸಿ ನಕ್ಷತ್ರಗಳನ್ನು 28 ಮಾಡಿ ನೋಡಿ. ಒಮ್ಮೆ ಗುರುವಾರ ಬಂದ ಪುಷ್ಯ ಆಮೇಲೆ ಎಂದೆಂದಿಗೂ ಗುರುವಾರವೇ. ಪ್ರತಿ ವಾರಕ್ಕೂ ನಾಲ್ಕೇ ನಕ್ಷತ್ರ ಗಂಟುಬಿದ್ದು, ಉಳಿದ 24ರ ಜೊತೆ ಅದಕ್ಕೆ ಭೇಟಿಯೇ ಇಲ್ಲ.

40-8ರ ಜೋಡಿಯಲ್ಲಿ ಆಗುವುದೂ ಇದೇ. ಪಿನಿಯನ್ನಿನ ಒಂದೊಂದು ಹಲ್ಲಿಗೂ ಕ್ರೌನಿನ ಅವೇ ಐದು ಹಲ್ಲುಗಳು ಆಯುಷ್ಯವಿಡೀ ಎದುರಾಗುತ್ತವೆ. ಒಂದು ಹಲ್ಲಿನಲ್ಲಿ ಸಣ್ಣ ಗಂಟಿದ್ದರೆ ಅದು ಅದೇ ಐದನ್ನು ಕೆರೆಯುತ್ತಾ ಇರುತ್ತದೆ. 39-8ರಲ್ಲಿ ಹಾಗಾಗುವುದಿಲ್ಲ. ಪ್ರತಿ ಹಲ್ಲೂ ಎದುರಿನ 39 ಹಲ್ಲುಗಳನ್ನೂ ಸರದಿಯ ಮೇಲೆ ಮುಟ್ಟಿಬರುತ್ತದೆ, ಅದೇ ಜೋಡಿ ಮತ್ತೆ ಕೂಡಲು ಪಿನಿಯನ್ 39 ಸುತ್ತು ತಿರುಗಬೇಕು. ಸವೆತ ಎಲ್ಲರಿಗೂ ಸಮಪಾಲು. ಕಂಪ್ಯೂಟರು ಕಂಡುಹಿಡಿದ ಜಾಣತನ ಇದು ಅಂದುಕೊಳ್ಳಬೇಕಾಗಿಲ್ಲ. ಮರದ ಹಲ್ಲುಗಳ ಗಿರಣಿ ಕಟ್ಟುತ್ತಿದ್ದ ಯುರೋಪಿನ ಬಡಗಿಗಳು ಮೋಟಾರು ಗಾಡಿ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಒಂದು ಹಲ್ಲು ಹೆಚ್ಚಿಗೆ ಇಟ್ಟು ಲೆಕ್ಕ ಕೆಡಿಸುವುದನ್ನು ಕಲಿತಿದ್ದರು.

ಕಾರ್ಖಾನೆಯವರು ಈ ಗುಣವನ್ನೇ ಬಳಸಿಕೊಳ್ಳುತ್ತಾರೆ. ಕ್ರೌನ್ ಮತ್ತು ಪಿನಿಯನ್ನನ್ನು ಜೋಡಿಯಾಗಿ ಕೂರಿಸಿ, ನಡುವೆ ನುಣ್ಣನೆಯ ಉಜ್ಜುಪುಡಿ ಕಲಸಿದ ಎಣ್ಣೆ ಹರಿಸಿ ತಿರುಗಿಸಿದರೆ ಪ್ರತಿ ಹಲ್ಲೂ ಎದುರಿನ ಎಲ್ಲ ಹಲ್ಲುಗಳನ್ನು ಹದಗೊಳಿಸುತ್ತದೆ. ಆಮೇಲೆ ಎರಡರ ಮೇಲೂ ಒಂದೇ ನಂಬರು ಕೆತ್ತುತ್ತಾರೆ. ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಹಳೆಯ ಸಾಮಾನು ಕೊಳ್ಳುವವರು ಮೊದಲು ಆ ನಂಬರು ನೋಡುವುದು ಇದಕ್ಕೇ. ಒಂದರ ಕ್ರೌನಿಗೆ ಇನ್ನೊಂದರ ಪಿನಿಯನ್ ಹಾಕಿದರೆ ಹಲ್ಲಿನ ಲೆಕ್ಕ ಸರಿಹೋದರೂ ಆಕ್ಸಲ್ ಊಳಿಡುತ್ತದೆ.

ಓರೆಯಾದ, ಬಾಗಿದ ಈ ಹಲ್ಲುಗಳನ್ನು ಕತ್ತರಿಸುವುದು ಸುಲಭದ ಕೆಲಸವಾಗಿರಲಿಲ್ಲ. ಅಮೆರಿಕದ ರಾಚೆಸ್ಟರಿನ ವಿಲಿಯಂ ಗ್ಲೀಸನ್ 1874ರಲ್ಲಿ ಓರೆಹಲ್ಲು ಕತ್ತರಿಸುವ ಯಂತ್ರ ಮಾಡಿದ. ಅವನ ಮಗಳು ಕೇಟ್ ಆ ಕಾರ್ಖಾನೆಯ ವ್ಯವಹಾರವನ್ನು ಬೆಳೆಸಿ, 1914ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಪೂರ್ಣ ಸದಸ್ಯತ್ವ ಪಡೆದ ಮೊದಲ ಹೆಂಗಸಾದಳು. ಅದೇ ಕಂಪನಿಯಿಂದ 1920ರ ದಶಕದಲ್ಲಿ ಹೈಪಾಯ್ಡ್ ಹಲ್ಲು ಬಂತು. ಇದರಲ್ಲಿ ಪಿನಿಯನ್ ಕ್ರೌನಿನ ನಡುಗೆರೆಗಿಂತ ಕೆಳಗೆ ಕೂರುತ್ತದೆ. ಕಾರಿನ ನೆಲ ತಗ್ಗಿಸಲು ಪ್ಯಾಕಾರ್ಡ್ ಕಂಪನಿ ಅದನ್ನು ಮೊದಲಾಗಿ ಎತ್ತಿಕೊಂಡಿತು. ಲಾಭದ ಜೊತೆ ಒಂದು ಕಾಟವೂ ಬಂತು: ಹೈಪಾಯ್ಡಿನ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಜಾರುತ್ತವೆ ಕೂಡ. ಜಾರುವಾಗ ಸಾಮಾನ್ಯ ಎಣ್ಣೆಯ ಪದರ ಹರಿದುಹೋಗುತ್ತದೆ. ಅದಕ್ಕೇ ಜಿಎಲ್-5 ದರ್ಜೆಯ ಗೇರ್ ಆಯಿಲಿನಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳಿರುತ್ತವೆ. ಬಿಸಿಯೂ ಒತ್ತಡವೂ ಏರಿದಾಗ ಅವು ಉಕ್ಕಿನ ಮೇಲೆ ತೆಳು ರಕ್ಷಾಪದರ ಕಟ್ಟುತ್ತವೆ. ಆಕ್ಸಲ್ ಬಿಚ್ಚಿದಾಗ ಗ್ಯಾರೇಜಿಡೀ ಹರಡುವ ನಾತ ಆ ಗಂಧಕದ್ದು.

ಇಷ್ಟೆಲ್ಲ ಗೊತ್ತಾದ ಮೇಲೆ ಕ್ರೌನ್-ಪಿನಿಯನ್ ಬದಲಿಸುವ ಅಗತ್ಯವೇನು? ಟೈರಿನ ಲೆಕ್ಕ ನೋಡಿ. ಗಾಡಿಗೆ ಮೊದಲು 29 ಇಂಚು ವ್ಯಾಸದ ಟೈರಿತ್ತು, ಈಗ 33 ಇಂಚಿನದು ಬಂತು ಎನ್ನೋಣ. ಚಕ್ರದ ಪ್ರತಿ ಸುತ್ತಿಗೂ ಗಾಡಿ ಸುಮಾರು ಶೇ 14ರಷ್ಟು ಹೆಚ್ಚು ದೂರ ಹೋಗುತ್ತದೆ. ಎಂಜಿನ್ನಿಗೆ ಅದು ಎಲ್ಲ ಗೇರುಗಳೂ ಅಷ್ಟಷ್ಟು ಉದ್ದವಾದ ಹಾಗೆ. ಏರಿನಲ್ಲಿ ಉಸಿರುಗಟ್ಟುತ್ತದೆ, ಕ್ಲಚ್ಚು ಸುಡುತ್ತದೆ. 4.27ನ್ನು 33ರಿಂದ ಗುಣಿಸಿ 29ರಿಂದ ಭಾಗಿಸಿದರೆ 4.86. ಅಂದರೆ 4.88ರ ಜೋಡಿ ಹಾಕಿದರೆ ಗಾಡಿಗೆ ಹಳೆಯ ಕಸುವು ಹೆಚ್ಚೂಕಡಿಮೆ ಹಾಗೇ ಮರಳುತ್ತದೆ. ಸ್ಪೀಡೋಮೀಟರಿನ ಕೇಬಲ್ಲು ಎರಡೂ ಆಕ್ಸಲಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನಿಂದ ಬರುವ ಹಳೆಯ ಜೀಪುಗಳಲ್ಲಾದರೆ ಮೀಟರೂ ತಾನಾಗಿಯೇ ಸರಿಯಾಗುತ್ತದೆ. ಚಕ್ರದ ಬಳಿಯ ಸೆನ್ಸರ್ ನಂಬಿದ ಹೊಸ ಗಾಡಿಗಳಲ್ಲಿ ಅದು ಆಗದು. ಕ್ರೌನ್ ಯಾವುದೇ ಇರಲಿ, ಟೈರು ದೊಡ್ಡದಾದಷ್ಟೂ ಮೀಟರು ಕಡಿಮೆಯೇ ತೋರಿಸುತ್ತದೆ.

ಇದರ ಅತ್ಯುತ್ತಮ ಪಾಠ ಜೀಪಿನ ಚರಿತ್ರೆಯಲ್ಲೇ ಇದೆ. 1941ರ ಯುದ್ಧಕಾಲದ ವಿಲ್ಲಿಸ್ ಜೀಪಿಗೆ 4.88ರ ಆಕ್ಸಲ್. ಯುದ್ಧ ಮುಗಿಯುವ ಹೊತ್ತಿಗೆ, 1945ರಲ್ಲಿ ಅದೇ ಕಂಪನಿ ರೈತರಿಗೆಂದು ಸಿಜೆ-2ಎ ತಂದಾಗ ಅದನ್ನು 5.38ಕ್ಕೆ ಏರಿಸಿತು, ನೇಗಿಲು ಎಳೆಯಬೇಕಿತ್ತಲ್ಲ. ಮೊದಲ ಗೇರು, ಟ್ರಾನ್ಸ್‌ಫರ್ ಕೇಸಿನ ಲೋ ರೇಂಜು, ಆಕ್ಸಲ್ ಮೂರರ ಅನುಪಾತಗಳನ್ನೂ ಗುಣಿಸಿದರೆ ಯುದ್ಧದ ಜೀಪಿಗೆ ಸಿಗುವುದು ಸುಮಾರು 26, ರೈತರ ಜೀಪಿಗೆ ಸುಮಾರು 37. ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ರೈತರ ಜೀಪು ಗಂಟೆಗೆ ಸುಮಾರು ಮೂರು ಕಿಲೋಮೀಟರಿನಂತೆ ತೆವಳುತ್ತದೆ, ಮನುಷ್ಯ ನಡೆಯುವುದಕ್ಕಿಂತ ನಿಧಾನ. 1940ರ ದಶಕದ ಕೊನೆಯಲ್ಲಿ ಮಹೀಂದ್ರಾ ಇಲ್ಲಿ ಜೋಡಿಸತೊಡಗಿದ್ದು ಈ ವಿಲ್ಲಿಸ್ ವಂಶವನ್ನೇ.

ಕೊಲ್ಲೂರು, ಕಟ್ಟಿನಹೊಳೆಗಳಿಂದ ಯಾತ್ರಿಕರನ್ನು ತುಂಬಿಕೊಂಡು ಕೊಡಚಾದ್ರಿ ಬೆಟ್ಟ ಹತ್ತುವ ಬಾಡಿಗೆ ಜೀಪುಗಳನ್ನು ಗಮನಿಸಿದರೆ ಸಾಕು. ಬೆಟ್ಟದ ನೆತ್ತಿ 1343 ಮೀಟರ್. ದಾರಿಯೆಂಬುದು ಕಲ್ಲು, ಕೊರಕಲು. ಆ ಜೀಪುಗಳಿಗೆ ದೈತ್ಯ ಟೈರಿಲ್ಲ, ಬಣ್ಣದ ಕವರಿಲ್ಲ. ಚಿಕ್ಕ ಟೈರು, ಲೋ ರೇಂಜು, ಅಳತೆಗೆ ತಕ್ಕ ಆಕ್ಸಲ್ ಇಷ್ಟರಲ್ಲೇ ಮಳೆಗಾಲದ ಕೆಸರನ್ನೂ ಹತ್ತುತ್ತವೆ. ದೊಡ್ಡ ಟೈರು ಹಾಕಿ, ಅದರಿಂದಾದ ನಷ್ಟ ತುಂಬಲು ಕ್ರೌನ್-ಪಿನಿಯನ್ ಬದಲಿಸುವ ನಗರದವರ ಚಟವನ್ನು ಆ ಜೀಪುಗಳ ಪಕ್ಕ ನಿಲ್ಲಿಸಿ ನೋಡಿದರೆ ಸ್ವಲ್ಪ ನಗು ಬರುತ್ತದೆ.

ಬದಲಿಸಿದರೆ ಮುಂದಿನ, ಹಿಂದಿನ ಎರಡೂ ಆಕ್ಸಲಿನದನ್ನು ಬದಲಿಸಬೇಕು. ಹಿಂದೆ 4.88, ಮುಂದೆ 4.27 ಇಟ್ಟು ಗಟ್ಟಿ ನೆಲದ ಮೇಲೆ ಫೋರ್‌ವ್ಹೀಲ್ ಹಾಕಿದರೆ ಎರಡು ಆಕ್ಸಲ್ ಪರಸ್ಪರ ಜಗ್ಗಾಡಿ ಟ್ರಾನ್ಸ್‌ಫರ್ ಕೇಸು ಮುರಿಯುತ್ತದೆ. ಇನ್ನೊಂದು ತೊಡಕು: ಅದೇ ಹೌಸಿಂಗಿನಲ್ಲಿ ಸಂಖ್ಯೆ ಏರಿದಂತೆ ಪಿನಿಯನ್ ಸಣ್ಣದಾಗುತ್ತದೆ. 11 ಹಲ್ಲಿನದಕ್ಕಿಂತ 8 ಹಲ್ಲಿನ ಪಿನಿಯನ್ ಬಡಕಲು, ದೊಡ್ಡ ಟೈರಿನ ಹೊರೆಯೂ ಅದರ ಮೇಲೆಯೇ. ಕೂರಿಸುವಾಗ ಶಿಮ್ಮು ಎಂಬ ತೆಳು ಬಿಲ್ಲೆಗಳಿಂದ ಪಿನಿಯನ್ನಿನ ಆಳ ಹೊಂದಿಸಬೇಕು, ಹಲ್ಲುಗಳ ನಡುವಿನ ಪ್ಲೇ ಸಾಮಾನ್ಯವಾಗಿ 0.15ರಿಂದ 0.25 ಮಿಲಿಮೀಟರ್ ಒಳಗೆ ನಿಲ್ಲಬೇಕು. ಹಲ್ಲಿಗೆ ಬಣ್ಣದ ಪೇಸ್ಟು ಹಚ್ಚಿ ತಿರುಗಿಸಿ, ಅಚ್ಚು ಹಲ್ಲಿನ ನಡುವೆ ಬಿದ್ದಿದೆಯೇ ಎಂದು ನೋಡುತ್ತಾರೆ. ಡಯಲ್ ಗೇಜು ಇಲ್ಲದೆ ಕೈಯಲ್ಲಿ ಅಲ್ಲಾಡಿಸಿ "ಸರಿಯಿದೆ" ಅನ್ನುವವರಿಂದ ದೂರ ಇರುವುದು ಒಳ್ಳೆಯದು.

ಇನ್ನು ಕವರ್. ಕ್ರೌನ್ ಎಣ್ಣೆಯಲ್ಲಿ ಮುಳುಗಿ ತಿರುಗುತ್ತಾ ಎಣ್ಣೆಯನ್ನು ಹಿಂದಕ್ಕೆ ಎಸೆಯುತ್ತದೆ. ಕಂಪನಿಯ ದುಂಡನೆಯ ತಗಡಿನ ಕವರು ಅದನ್ನು ಬಾಗಿಸಿ ಮತ್ತೆ ಪಿನಿಯನ್ ಕಡೆಗೆ ಕಳಿಸುತ್ತದೆ. ಚಪ್ಪಟೆ ಬೆನ್ನಿನ, ಹೆಚ್ಚು ಎಣ್ಣೆ ಹಿಡಿಯುವ ಚಂದದ ಕವರುಗಳು ಆ ಹರಿವನ್ನು ಕೆಡಿಸಿ, ಎಣ್ಣೆಯನ್ನು ಬರಿದೇ ಕಲಕುತ್ತವೆ ಎಂದು ಅಮೆರಿಕದ ಬಿಡಿಭಾಗ ತಯಾರಕ ಗೇಲ್ ಬ್ಯಾಂಕ್ಸ್ ಪರೀಕ್ಷೆ ಮಾಡಿ ತೋರಿಸಿದರು. ಆಮೇಲೆ ತಮ್ಮದೇ ಕವರು ಮಾರಾಟಕ್ಕಿಟ್ಟರು ಅನ್ನುವುದನ್ನೂ ನೆನಪಿಟ್ಟುಕೊಳ್ಳಬೇಕು. ತಂಪಿಗೆಂದು ಮಾಡಿದ ರೆಕ್ಕೆಗಳಿಗೆ ಕೆಸರು ಮೆತ್ತಿದ, ನಡಿಗೆಯ ವೇಗದ ಗಾಡಿಯಲ್ಲಿ ಗಾಳಿಯೇ ಸಿಗುವುದಿಲ್ಲ. ಕಲ್ಲೇಟಿಗೆ ಮಾತ್ರ ದಪ್ಪ ಎರಕದ ಕವರು ನಿಜವಾಗಿ ಕೆಲಸಕ್ಕೆ ಬರುತ್ತದೆ: ತೆಳು ತಗಡು ನೆಗ್ಗಿದರೆ ಕ್ರೌನಿಗೆ ತಾಗುತ್ತದೆ, ಇಲ್ಲವೇ ಅಂಚಿನಲ್ಲಿ ಸೋರುತ್ತದೆ.

ಅಷ್ಟಕ್ಕೂ ಎಲ್ಲ ಗಾಡಿಗೂ ಬಿಚ್ಚುವ ಕವರು ಇರುವುದಿಲ್ಲ. ಜಿಪ್ಸಿ, ಜಿಮ್ನಿ, ಇನ್ನೋವಾಗಳ ಹಿಂದಿನ ಆಕ್ಸಲಿನಲ್ಲಿ ಹಿಂಬದಿಯ ಗುಮ್ಮಟ ಬೆಸುಗೆ ಹಾಕಿದ್ದು. ಕ್ರೌನ್-ಪಿನಿಯನ್ ಇಡೀ ಗಡ್ಡೆಯಾಗಿ ಮುಂಭಾಗದಿಂದ ಹೊರಬರುತ್ತದೆ. ಅಲ್ಲಿ ಹೊರಗಿನಿಂದ ರಕ್ಷಾಕವಚ ಹಾಕಬಹುದು, ಅಷ್ಟೆ. ವಿಜಯನಗರದವರಿಗೆ ಆಕ್ಸಲ್ ದೂರದ ವಸ್ತುವೇನಲ್ಲ. ಮೈಸೂರು ರಸ್ತೆ ಹಿಡಿದು ಕೆಂಗೇರಿ ದಾಟಿದರೆ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಆಟೊ ಪಾರ್ಟ್ಸ್ ಆಕ್ಸಲ್ ಮಾಡುತ್ತದೆ. ಇನ್ನೂ ಮುಂದೆ ಮೈಸೂರಿನ ಹೂಟಗಳ್ಳಿಯಲ್ಲಿ 1981ರಲ್ಲಿ ಸ್ಥಾಪನೆಯಾದ ಆಟೊಮೋಟಿವ್ ಆಕ್ಸಲ್ಸ್ ಕಾರ್ಖಾನೆ ಲಾರಿ-ಬಸ್ಸುಗಳದ್ದನ್ನು ಮಾಡುತ್ತದೆ.

ಕಾನೂನಿನ ಮಾತನ್ನು ಗ್ಯಾರೇಜಿನಲ್ಲಿ ಯಾರೂ ಎತ್ತುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ತಯಾರಕರ ಮೂಲ ವಿವರಗಳಿಂದ ಬೇರೆಯಾಗುವ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಬಂದಿವೆ. ಆಕ್ಸಲಿನ ಹಲ್ಲು ಯಾರಿಗೂ ಕಾಣದು, 33 ಇಂಚಿನ ಟೈರು ಚೌಕದ ಪೊಲೀಸರಿಗೂ ಕಾಣುತ್ತದೆ.

ಮಲೆನಾಡಿನ ಹಳ್ಳ ದಾಟುವವರು ಕವರಿಗಿಂತ ಮೊದಲು ನೋಡಬೇಕಾದದ್ದು ಆಕ್ಸಲ್ ಉಸಿರಾಡುವ ಗಾಳಿಗಂಡಿ, ಅಂದರೆ ಬ್ರೀದರ್. ಓಡಿ ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ; ಎಣ್ಣೆ ಬೆಳ್ಳಗೆ ನೊರೆಗಟ್ಟುತ್ತದೆ. ಬ್ರೀದರಿಗೆ ರಬ್ಬರ್ ಕೊಳವೆ ಸಿಕ್ಕಿಸಿ ಬಾನೆಟ್ಟಿನ ಎತ್ತರಕ್ಕೆ ಏರಿಸಿದರೆ ನೀರಿನ ಬದಲು ಮೇಲಿನ ಒಣಗಾಳಿ ಒಳಗೆ ಹೋಗುತ್ತದೆ. ಕೊಳವೆ ಇಲ್ಲದೆ ಹಳ್ಳ ದಾಟಿದ್ದರೆ ಎರಡೂ ಆಕ್ಸಲಿನ ಎಣ್ಣೆ ಇಳಿಸಿ ಹೊಸದು ಹಾಕಬೇಕು.