ನೆನಪಿನ ಕಹಿಯೂ ಇರುಳ ನಿದ್ರೆಯೂ

ನೊಂದು ಬಂದವರಿಗೆ, ‘ಈಗ ಏನನ್ನೂ ಯೋಚಿಸಬೇಡ, ಒಂದು ನಿದ್ದೆ ಮಾಡಿ ಏಳು’ ಎಂದು ಮನೆಯ ಹಿರಿಯರು ಹೇಳುವುದುಂಟು. ನಿದ್ರೆಯು ದುಃಖವನ್ನು ಮರೆಸುತ್ತದೆಯೆಂಬ ನಂಬಿಕೆ ಈ ಸಾಂತ್ವನದ ಹಿಂದಿದೆ. ಆದರೆ ಈಚಿನ ದಶಕಗಳಲ್ಲಿ ಮೆದುಳನ್ನು ಕುರಿತು ನಡೆದ ಪ್ರಯೋಗಗಳನ್ನು ಅವಲೋಕಿಸಿದರೆ, ನಿದ್ರೆಯು ಭಾವಭರಿತವಾದ ಸ್ಮೃತಿಗಳನ್ನು ಅಳಿಸುವುದಕ್ಕಿಂತ ಹೆಚ್ಚಾಗಿ ಅವುಗಳನ್ನು ಉಳಿಸುವ ಕಾರ್ಯದಲ್ಲಿಯೇ ತೊಡಗಿರುವಂತೆ ತೋರುತ್ತದೆ.

ಎಲ್ಲಿ, ಯಾವಾಗ, ಯಾರ ಸಮಕ್ಷಮದಲ್ಲಿ ಏನು ನಡೆಯಿತೆಂಬ ವಿವರಗಳನ್ನು ಒಂದುಗೂಡಿಸಿ ನೆನಪಾಗಿಸುವ ಮೆದುಳಿನ ಭಾಗಕ್ಕೆ ಹಿಪ್ಪೊಕ್ಯಾಂಪಸ್ ಎಂದೂ, ಅದರ ಮಗ್ಗುಲಲ್ಲಿಯೇ ಬಾದಾಮಿಯ ಆಕಾರದಲ್ಲಿದ್ದು ಭಯ ಮೊದಲಾದ ಭಾವಗಳಿಗೆ ಮಿಡಿಯುವ ಭಾಗಕ್ಕೆ ಅಮಿಗ್ಡಲ ಎಂದೂ ಹೆಸರು. ಅಪಾಯವೋ ಅವಮಾನವೋ ಎದುರಾದಾಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಸ್ರವಿಸಿ, ಅಮಿಗ್ಡಲವು ಉದ್ದೀಪ್ತವಾಗಿ, ಆಗ ನಡೆದ ಸಂಗತಿ ಹಿಪ್ಪೊಕ್ಯಾಂಪಸಿನಲ್ಲಿ ಆಳವಾಗಿ ಅಚ್ಚೊತ್ತುವಂತೆ ಮಾಡುತ್ತದೆ. 1994ರಲ್ಲಿ ಕ್ಯಾಲಿಫೋರ್ನಿಯದ ಲ್ಯಾರಿ ಕಾಹಿಲ್, ಜೇಮ್ಸ್ ಮೆಕ್‌ಗಾ ಮತ್ತು ಸಂಗಡಿಗರು, ಮೋಟಾರು ಅಪಘಾತಕ್ಕೆ ಸಿಕ್ಕಿದ ಬಾಲಕನೊಬ್ಬನ ಕಥೆಯನ್ನು ಕೆಲವರಿಗೂ, ಉದ್ವೇಗವಿಲ್ಲದ ಸಪ್ಪೆ ಕಥೆಯನ್ನು ಉಳಿದವರಿಗೂ ಚಿತ್ರಗಳ ಮೂಲಕ ಹೇಳಿದರು. ಒಂದು ವಾರದ ಬಳಿಕ ಕೇಳಿದಾಗ ಅಪಘಾತದ ಭಾಗವೇ ಹೆಚ್ಚು ನೆನಪಿನಲ್ಲಿದ್ದಿತು; ಆದರೆ ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರನೊಲಾಲ್ ಎಂಬ, ಅಡ್ರಿನಲಿನ್ನಿನ ಪ್ರಭಾವವನ್ನು ತಡೆಯುವ ಔಷಧವನ್ನು ಮೊದಲೇ ಸೇವಿಸಿದ್ದವರಲ್ಲಿ ಆ ಹೆಚ್ಚಳವು ಕಾಣಲಿಲ್ಲ, ಸಪ್ಪೆ ಕಥೆಯ ನೆನಪಿಗೆ ಮಾತ್ರ ಯಾವ ಕುಂದೂ ಬರಲಿಲ್ಲ.

ಹೀಗೆ ಹಗಲಿನಲ್ಲಿ ಮೂಡಿದ ಅಚ್ಚನ್ನು ಇರುಳು ಗಟ್ಟಿಗೊಳಿಸುತ್ತದೆ. ಜರ್ಮನಿಯ ಲ್ಯೂಬೆಕ್ ನಗರದ ಸಂಶೋಧಕರು, ಭಾವೋದ್ರೇಕದ ಬರಹಗಳನ್ನು ಓದಿಸಿದ ಕೂಡಲೇ ಕೆಲವರನ್ನು ಮೂರು ಗಂಟೆ ಮಲಗಿಸಿ, ಮತ್ತೆ ಕೆಲವರನ್ನು ಎಚ್ಚರದಿಂದಿರಿಸಿ, ನಾಲ್ಕು ವರ್ಷಗಳ ತರುವಾಯ ಪರೀಕ್ಷಿಸಿದಾಗ, ಮಲಗಿದ್ದವರ ನೆನಪೇ ಮೇಲಾಗಿತ್ತೆಂದು 2006ರಲ್ಲಿ ಪ್ರಕಟಿಸಿದರು. ಹಾಗಾದರೆ ಹಿರಿಯರ ಮಾತು ಬರಿಯ ಹುಸಿಯೇ? ಪೂರ್ತಿ ಹಾಗೆನ್ನುವಂತಿಲ್ಲ. 1953ರಲ್ಲಿ ಷಿಕಾಗೋದ ಅಸೆರಿನ್‌ಸ್ಕಿ ಮತ್ತು ಕ್ಲೀಟ್‌ಮನ್ ಕಂಡುಹಿಡಿದ, ಮುಚ್ಚಿದ ರೆಪ್ಪೆಗಳಡಿಯಲ್ಲಿ ಕಣ್ಣುಗಳು ಚುರುಕಾಗಿ ಚಲಿಸುವ ಕನಸಿನ ನಿದ್ರೆಯಲ್ಲಿ, ಉದ್ವೇಗಕ್ಕೆ ಸಂಬಂಧಿಸಿದ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕವು ಮೆದುಳಿನಲ್ಲಿ ಬಹುಮಟ್ಟಿಗೆ ಇಳಿದುಹೋಗಿರುತ್ತದೆ. ಆದುದರಿಂದ ಹಗಲಿನ ಘಟನೆಯು ಆ ಹೊತ್ತಿನಲ್ಲಿ ತನ್ನ ಉದ್ವೇಗವಿಲ್ಲದೆ ಮರುಕಳಿಸಿ, ವೃತ್ತಾಂತವು ಉಳಿದು ನೋವು ಮಾತ್ರ ಸಡಿಲಗೊಳ್ಳುತ್ತದೆಂಬುದು ನಿದ್ರೆಯ ಸಂಶೋಧಕ ಮ್ಯಾಥ್ಯೂ ವಾಕರ್ ಮುಂದಿಟ್ಟ ಊಹೆ. ಊಹೆಯು ಸೊಗಸಾಗಿದೆ, ಅಷ್ಟರಿಂದಲೇ ಅದನ್ನು ಸಿದ್ಧಾಂತವೆಂದು ಒಪ್ಪಲಾಗದು, ಏಕೆಂದರೆ ನಿದ್ರೆಯು ನೆನಪಿನೊಡನೆ ನೋವನ್ನೂ ಕಾಪಾಡುತ್ತದೆಂದು ತೋರಿಸುವ ಪ್ರಯೋಗಗಳೂ ಇವೆ. ನಿದ್ರೆಗೆಟ್ಟರೆ ಆಗುವುದೇನೆಂಬುದು ಇದಕ್ಕಿಂತ ನಿಚ್ಚಳವಾಗಿದೆ. 2007ರ ಅಮೆರಿಕೆಯ ಅಧ್ಯಯನವೊಂದರಲ್ಲಿ ಸುಮಾರು 35 ಗಂಟೆಗಳ ಕಾಲ ಮಲಗದೆ ಇದ್ದವರಿಗೆ ಅಹಿತಕರವಾದ ಚಿತ್ರಗಳನ್ನು ತೋರಿಸಿದಾಗ ಅವರ ಅಮಿಗ್ಡಲವು ಇತರರದಕ್ಕಿಂತ ಶೇಕಡಾ 60ರಷ್ಟು ಹೆಚ್ಚು ಪ್ರತಿಕ್ರಿಯಿಸಿತು. ಅದನ್ನು ಅಂಕೆಯಲ್ಲಿಡುವ ಹಣೆಯ ಹಿಂಬದಿಯ ಮೆದುಳಿನೊಡನೆ ಅದರ ಸಂಬಂಧವೂ ಕ್ಷೀಣಿಸಿತ್ತು.

ಇನ್ನು ಎಡೆಬಿಡದ ಮಾನಸಿಕ ಒತ್ತಡದ ವಿಚಾರ. ಇದರಲ್ಲಿ ನಮ್ಮ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟರ್ಜಿಯವರೂ ಸಹೋದ್ಯೋಗಿಗಳೂ ನಡೆಸಿದ ಸಂಶೋಧನೆ ಜಗತ್ತಿನ ಗಮನ ಸೆಳೆದದ್ದು. ಇಲಿಗಳನ್ನು ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಅಲುಗಾಡದಂತೆ ಬಂಧಿಸಿಟ್ಟು, ಅನಂತರ ಅವುಗಳ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ, ಹಿಪ್ಪೊಕ್ಯಾಂಪಸಿನ ನರಕೋಶಗಳ ಕೊಂಬೆರೆಂಬೆಗಳು ಕುಗ್ಗಿಹೋಗಿದ್ದರೆ, ಅಮಿಗ್ಡಲದ ನರಕೋಶಗಳು ಅದಕ್ಕೆ ತೀರ ವಿರುದ್ಧವಾಗಿ ಹೊಸ ರೆಂಬೆಗಳನ್ನು ಚಾಚಿದ್ದುವು. ವಿವರವನ್ನು ಹಿಡಿದಿಡುವುದು ಬಡವಾಯಿತು, ಭೀತಿಯನ್ನು ಸಾಕುವುದು ಪುಷ್ಟವಾಯಿತು! ಅದಕ್ಕೂ ಮಿಗಿಲಾದ ಸಂಗತಿಯೆಂದರೆ, 21 ದಿನಗಳ ವಿಶ್ರಾಂತಿಯಲ್ಲಿ ಹಿಪ್ಪೊಕ್ಯಾಂಪಸ್ ಚೇತರಿಸಿಕೊಂಡರೂ ಅಮಿಗ್ಡಲದ ಬೆಳವಣಿಗೆಯಾಗಲಿ ಇಲಿಗಳ ಅಂಜುಬುರುಕತನವಾಗಲಿ ಇಳಿಯಲಿಲ್ಲ.

ಅದೇ ತಂಡದ ಮತ್ತೊಂದು ಪ್ರಯೋಗದಲ್ಲಿ, ಒಂದೇ ಒಂದು ಸಲ ಎರಡು ಗಂಟೆ ಬಂಧಿಸಿದ ಇಲಿಗಳಲ್ಲಿ ಮರುದಿನ ಯಾವ ವ್ಯತ್ಯಾಸವೂ ಕಾಣಲಿಲ್ಲ. ಹತ್ತು ದಿನಗಳು ಕಳೆದಮೇಲೆ ಮಾತ್ರ ಅಮಿಗ್ಡಲದ ರೆಂಬೆಗಳ ಮೇಲೆ, ನರಕೋಶಗಳು ಪರಸ್ಪರ ಸಂಧಿಸುವ ಸೂಕ್ಷ್ಮ ಮೊಗ್ಗುಗಳು ಅಧಿಕವಾಗಿದ್ದುವು, ಇಲಿಗಳಲ್ಲಿ ಭಯವೂ ಮೂಡಿದ್ದಿತು. ಘೋರವಾದ ಅಪಘಾತಗಳನ್ನು ಕಂಡು ಬದುಕಿದವರಲ್ಲಿ ಕೆಲವರಿಗೆ ಆತಂಕವು ದಿನಗಳ ತರುವಾಯ ತಲೆದೋರುವುದನ್ನು ವೈದ್ಯರು ಬಲ್ಲರು. ಈ ವಿಳಂಬದ ಬೆನ್ನುಹತ್ತಿದ ಚಟರ್ಜಿಯವರ ತಂಡ, ಮುಂದೆ 2012ರಲ್ಲಿ ಇನ್ನೊಂದು ಅಚ್ಚರಿಯನ್ನು ಹೊರಗೆಡವಿತು: ಬಂಧನಕ್ಕೆ ಮುಂಚೆಯೇ ಕುಡಿಯುವ ನೀರಿನಲ್ಲಿ ಒತ್ತಡದ ಹಾರ್ಮೋನನ್ನೇ ಬೆರೆಸಿ ಕೊಟ್ಟ ಇಲಿಗಳಲ್ಲಿ, ಹತ್ತು ದಿನಗಳ ಮೇಲೆ ಆ ಮೊಗ್ಗುಗಳೂ ಹೆಚ್ಚಲಿಲ್ಲ, ಆ ಭಯವೂ ತಲೆಯೆತ್ತಲಿಲ್ಲ.