ಸರಕಾರದ ಕರಾರು, ನೌಕರನ ಪಾಡು

ಶ್ರೀನಿವಾಸಪುರದ ಮಾವಿನ ತೋಟದ ಫಸಲನ್ನು ಗುತ್ತಿಗೆ ಹಿಡಿದ ವರ್ತಕನು ಒಪ್ಪಿದ ಹಣವನ್ನು ಕೊಡದೆ ಹೋದರೆ, ತೋಟದ ಒಡೆಯನು ಕರಾರುಪತ್ರವನ್ನು ಹಿಡಿದು ನೆಟ್ಟಗೆ ನ್ಯಾಯಸ್ಥಾನಕ್ಕೆ ಹೋಗಬಹುದು. ಅದೇ ಊರಿನ ಸರಕಾರಿ ಕಚೇರಿಯಲ್ಲಿ ಕರಾರಿನ ಮೇಲೆ ದುಡಿಯುವ ಗುಮಾಸ್ತನಿಗೆ ಸರಕಾರವೇ ಮಾತು ತಪ್ಪಿದರೆ ಗತಿಯೇನು? ದಾವಾ ಹೂಡುವ ಮುನ್ನ ಅವನು ಸಾಮಾನ್ಯವಾಗಿ ಎರಡು ತಿಂಗಳ ನೋಟೀಸನ್ನು ಕೊಟ್ಟು ಕಾಯತಕ್ಕದ್ದು. ಇದು ಸಣ್ಣ ತೊಡಕು.

ದೊರೆಯ ಮೇಲೆ ದಾವೆಯಿಲ್ಲ, ಸೇವಕನ ಸಂಬಳವು ದೊರೆಯ ಅನುಗ್ರಹವೇ ಹೊರತು ಋಣವಲ್ಲ ಎಂಬುದು ಇಂಗ್ಲೆಂಡಿನ ಹಳೆಯ ನ್ಯಾಯ. ನಮ್ಮಲ್ಲಿ ಅದು ಪೂರ್ಣವಾಗಿ ಬೇರೂರಲಿಲ್ಲ. ಕಂಪೆನಿಯ ಮೇಲೆ ಹೂಡಬಹುದಾಗಿದ್ದ ದಾವೆಗಳನ್ನು ಸರಕಾರದ ಮೇಲೆಯೂ ಹೂಡಲು 1858ರ ಕಾಯಿದೆಯು ಅವಕಾಶವಿತ್ತಿತು; ಸಂವಿಧಾನದ 300ನೆಯ ವಿಧಿಯು ಆ ದಾರಿಯನ್ನು ಉಳಿಸಿತು. ಬಿಹಾರದ ಪೊಲೀಸ್ ಸಬ್‌ಇನ್‌ಸ್ಪೆಕ್ಟರ್ ಅಬ್ದುಲ್ ಮಜೀದರನ್ನು 1940ರಲ್ಲಿ ವಜಾ ಮಾಡಿ, ಬಳಿಕ ಮರಳಿ ತೆಗೆದುಕೊಂಡ ಸರಕಾರವು ನಡುವಣ ಕಾಲದ ಸಂಬಳವನ್ನು ಮಾತ್ರ ಕೊಡಲೊಪ್ಪಲಿಲ್ಲ. ಬಾಕಿ ಸಂಬಳಕ್ಕಾಗಿ ನೌಕರನು ಸರಕಾರದ ಮೇಲೆ ದಾವಾ ಹೂಡಬಹುದೆಂದು 1954ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು.

ಆದರೆ 1967ರ ರೋಷನ್ ಲಾಲ್ ಟಂಡನ್ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು, ಸರಕಾರಿ ನೌಕರಿಯು ಕರಾರಿನಿಂದ ಆರಂಭವಾದರೂ ಆಮೇಲೆ ಅದು ನಿಯಮಾಧೀನವಾದ ಒಂದು ಅಂತಸ್ತೆಂದೂ, ನೌಕರನ ಸಮ್ಮತಿಯಿಲ್ಲದೆಯೇ ಆ ನಿಯಮಗಳನ್ನು ಬದಲಿಸಬಹುದೆಂದೂ ಹೇಳಿತು. ಖಾಯಂ ನೌಕರನಿಗೆ ಇದಕ್ಕೆ ಪ್ರತಿಯಾಗಿ 311ನೆಯ ವಿಧಿಯ ರಕ್ಷಣೆಯುಂಟು. ಬೆಂಗಳೂರಿನಲ್ಲಿ 1986ರಿಂದ ಆಡಳಿತ ನ್ಯಾಯಮಂಡಳಿಯುಂಟು. ಹಂಗಾಮಿ ಗುಮಾಸ್ತನಿಗಾದರೋ ಅಂತಸ್ತೂ ಇಲ್ಲ, ಕರಾರಿನ ಬಲವೂ ಇಲ್ಲ. ಅವನು ಹಕ್ಕನ್ನು ಕೇಳಿದರೆ ಸರಕಾರವು ಅವಧಿ ಮುಗಿದ ಕರಾರನ್ನು ತೋರಿಸುತ್ತದೆ. ಕರಾರನ್ನು ತೋರಿಸಿದರೆ ನಿಯಮವನ್ನು ಓದಿ ಹೇಳುತ್ತದೆ! ದೊರೆಯ ಹಳೆಯ ಕವಚವು ಹೊಸ ಹೆಸರಿನಿಂದ ಬಂದಿರುವುದೆಂದೇ ನಮ್ಮ ಅಭಿಪ್ರಾಯ.

ನಮ್ಮ ನಾಡಿನ ವಾಣಿಜ್ಯ ತೆರಿಗೆ ಇಲಾಖೆಯಲ್ಲಿ 1985-86ರಿಂದ ದಿನಗೂಲಿಯ ಮೇಲೆ ದುಡಿದವರ ಮೊಕದ್ದಮೆಯೇ ಉಮಾದೇವಿ ಮೊಕದ್ದಮೆಯೆಂದು ಪ್ರಸಿದ್ಧವಾಯಿತು. 2006ರ ಏಪ್ರಿಲ್ 10ರಂದು ಐವರು ನ್ಯಾಯಾಧೀಶರ ಸಂವಿಧಾನ ಪೀಠವು, ಕ್ರಮದ ನೇಮಕವಿಲ್ಲದವನಿಗೆ ಖಾಯಮಾಗುವ ಹಕ್ಕಿಲ್ಲವೆಂದಿತು. ಹಿಂಬಾಗಿಲ ನೇಮಕವನ್ನು ತಡೆಯುವ ಆ ಉದ್ದೇಶವನ್ನು ನಾವು ಅಲ್ಲಗಳೆಯುವುದಿಲ್ಲ. ಹತ್ತು ವರ್ಷ ದುಡಿಸಿಕೊಂಡು ಆ ತೀರ್ಪನ್ನೇ ಗುರಾಣಿಯಾಗಿ ಹಿಡಿಯುವುದು ಬೇರೆಯ ಮಾತು. 2024ರ ಡಿಸೆಂಬರಿನಲ್ಲಿ ಜಗ್ಗೋ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವೇ ಇಂತಹ ದುರುಪಯೋಗವನ್ನು ಖಂಡಿಸಿದೆ.

ಸರಕಾರದವರು ಪ್ರತಿಯೊಂದು ಕರಾರುಪತ್ರದಲ್ಲಿಯೂ ವೇತನದ ತಾರೀಖನ್ನೂ ಬಿಡುಗಡೆಗೆ ಕಾರಣಗಳನ್ನೂ ಸ್ಪಷ್ಟವಾಗಿ ನಮೂದಿಸಲಿ. ಬಾಕಿಯ ಅಹವಾಲನ್ನು ಕೇಳಲು ಕೋಲಾರದಲ್ಲಿಯೇ ಒಬ್ಬ ಅಧಿಕಾರಿಯನ್ನು ಗೊತ್ತುಪಡಿಸಲಿ. ಇಷ್ಟಕ್ಕೆ ಹೊಸ ಶಾಸನವು ಬೇಕಾಗಿಲ್ಲ. ಒಂದು ಆಜ್ಞೆ ಸಾಕು.